ನಾಲ್ಕು ಮಳೆಗಾಲ ಕಂಡ ಮೈಕ್ರೋಸ್ಕೋಪು

ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಸಣ್ಣ ಅರೇಬಿಕಾ ಕಾಫಿ ತೋಟ. ಎಲೆ ತುಕ್ಕು ರೋಗದ ಆ ಕಿತ್ತಳೆ ಪುಡಿಯನ್ನು ಹತ್ತಿರದಿಂದ ನೋಡುವ ಚಪಲಕ್ಕೆ, ಕಾಲೇಜು ಮಕ್ಕಳು ಬಳಸುವಂಥ ಮೈಕ್ರೋಸ್ಕೋಪು ತಂದೆ. ನಾಲ್ಕು ವರ್ಷವಾಯಿತು.

ಡಬ್ಬದ ಮೇಲೆ '2500 ಪಟ್ಟು' ಎಂದು ದೊಡ್ಡದಾಗಿ ಬರೆದಿತ್ತು. ನಾನೂ ಅದಕ್ಕೇ ಮರುಳಾದೆ. ಜೊತೆಗೆ ಕೊಟ್ಟ 25 ಪಟ್ಟಿನ ಐಪೀಸ್, ಅಂದರೆ ಕಣ್ಣಿಡುವ ಕಡೆಯ ಲೆನ್ಸು, ಹಾಕಿದರೆ ಚಿತ್ರ ಊದಿಕೊಳ್ಳುತ್ತದೆ, ಹೊಸದೇನೂ ಕಾಣುವುದಿಲ್ಲ. ನೋಡಬೇಕಾದ್ದು ಆಬ್ಜೆಕ್ಟಿವ್, ಅಂದರೆ ಸ್ಲೈಡಿನ ಹತ್ತಿರದ ಲೆನ್ಸಿನ ಮೇಲಿರುವ ಇನ್ನೊಂದು ಸಂಖ್ಯೆ. ನನ್ನ 40ರ ಆಬ್ಜೆಕ್ಟಿವ್ ಮೇಲೆ 0.65 ಎಂದಿದೆ. ಲೆನ್ಸು ಎಷ್ಟು ಅಗಲದಿಂದ ಬೆಳಕು ಹಿಡಿಯುತ್ತದೆ ಅನ್ನೋ ಲೆಕ್ಕ ಅದು. 1000ದಿಂದ ಗುಣಿಸಿದರೆ 650 ಪಟ್ಟು. ಅದಕ್ಕಿಂತ ಹಿಗ್ಗಿಸಿದ್ದೆಲ್ಲ ಬರೀ ಗಾಳಿ. 40ಕ್ಕೆ 10ರ ಐಪೀಸ್ ಸೇರಿದರೆ 400 ಪಟ್ಟು, ಅದೇ ಸಾಕು ಅಲ್ವಾ?

ನಿಜವಾದ ಆಟ ಇರುವುದು ಸ್ಲೈಡಿಗೆ ಕೆಳಗಿನಿಂದ ಬೆಳಕು ಕೂಡಿಸಿಕೊಡುವ ಕಂಡೆನ್ಸರಿನಲ್ಲಿ. ತುಕ್ಕಿನ ಬೀಜಕಣ ಥೇಟ್ ನಮ್ಮ ಕೊಡಗಿನ ಕಿತ್ತಳೆ ತೊಳೆಯ ಹಾಗೆ. ಬೆನ್ನ ಮೇಲೆ ಸಣ್ಣ ಮುಳ್ಳು, ಒಳಬದಿ ನುಣುಪು. ಈ ಶಿಲೀಂಧ್ರಕ್ಕೆ 1869ರಲ್ಲಿ ಇಟ್ಟ ಹೆಮಿಲಿಯಾ ಎಂಬ ಹೆಸರಿನ ಅರ್ಥವೂ 'ಅರ್ಧ ನುಣುಪು' ಅಂತಲೇ. ಮೊದಲ ಆರು ತಿಂಗಳು ನನಗೆ ಆ ಮುಳ್ಳು ಕಂಡೇ ಇರಲಿಲ್ಲ. ಕಂಡೆನ್ಸರಿನಲ್ಲಿ ಬೆಳಕಿನ ದಾರಿ ಹಿಗ್ಗಿಸಿ ಕುಗ್ಗಿಸುವ ಡಯಾಫ್ರಮ್ ಪೂರ್ತಿ ತೆರೆದಿಟ್ಟಿದ್ದೆ, ಎಲ್ಲ ಬೆಳ್ಳಗೆ. ಆಮೇಲೆ ಪೂರ್ತಿ ಮುಚ್ಚಿದೆ. ಅಂಚಿಗೆಲ್ಲ ದಪ್ಪ ಕಪ್ಪು ಗೆರೆ ಬಂತು. ಈಗ ಐಪೀಸ್ ತೆಗೆದು ಕೊಳವೆಯೊಳಗೆ ಇಣುಕುತ್ತೇನೆ. ಬೆಳಕಿನ ವೃತ್ತ ಮುಕ್ಕಾಲು ಭಾಗ ತುಂಬುವಷ್ಟು ತೆರೆಯುತ್ತೇನೆ. ಆಬ್ಜೆಕ್ಟಿವ್ ಬದಲಿಸಿದಾಗಲೆಲ್ಲ ಮತ್ತೆ ಇದೇ ಕೆಲಸ.

ಆಮೇಲೆ ಕೊಂಡದ್ದರಲ್ಲಿ ಉಪಯೋಗಕ್ಕೆ ಬಂದದ್ದು ಮೂರು. ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು, 0.17 ಮಿಲಿಮೀಟರ್ ದಪ್ಪದ ಕವರ್ ಸ್ಲಿಪ್. 40ರ ಲೆನ್ಸನ್ನು ಆ ದಪ್ಪಕ್ಕೆಂದೇ ಮಾಡಿರುತ್ತಾರೆ. ಸ್ಲೈಡನ್ನು ಕೂದಲೆಳೆಯಷ್ಟು ಸರಿಸುವ ಮೆಕ್ಯಾನಿಕಲ್ ಸ್ಟೇಜ್. ಐಪೀಸ್ ಒಳಗಿನ ಅಳತೆ ಗೆರೆ: ಬೀಜಕಣ ಸುಮಾರು 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 30 ಪಾಲು) ಉದ್ದ ಎಂದು ನಾನೇ ಅಳೆದೆ. ಬಣ್ಣದ ಫಿಲ್ಟರ್‌ಗಳಿಗೆ ಸುಮ್ನೆ ದುಡ್ಡು ಹಾಕಿದೆ. ಸ್ಲೈಡಿಗೂ ಲೆನ್ಸಿಗೂ ನಡುವೆ ಎಣ್ಣೆ ಹನಿ ಹಾಕಿ ನೋಡುವ 100ರ ಲೆನ್ಸನ್ನು ವರ್ಷಕ್ಕೆ ಎರಡು ಸಲ ಮುಟ್ಟಿದರೆ ಜಾಸ್ತಿ.

ಮೂರನೇ ವರ್ಷದ ಕಕ್ಕಡದಲ್ಲಿ, ಅಂದರೆ ನಮ್ಮ ಕಡೆಯ ಜಡಿಮಳೆಯ ತಿಂಗಳಲ್ಲಿ, 10ರ ಆಬ್ಜೆಕ್ಟಿವ್ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತು. ಶಿಲೀಂಧ್ರ ನೋಡಲು ತಂದ ಸಾಮಾನಿನೊಳಗೇ ಶಿಲೀಂಧ್ರ! ತಪ್ಪು ನನ್ನದೇ. ಪ್ಲಾಸ್ಟಿಕ್ ಹೊದಿಕೆ ಬಿಗಿಯಾಗಿ ಕಟ್ಟಿ ತೇವವನ್ನು ಒಳಗೇ ಕೂಡಿಹಾಕಿದ್ದೆ. ಆ ಲೆನ್ಸು ಬದಲಿಸಬೇಕಾಯಿತು. ಈಗ ಜೂನ್ ಬಂದರೆ ಲೆನ್ಸುಗಳೆಲ್ಲ ಬಿಗಿ ಮುಚ್ಚಳದ ಡಬ್ಬಿಗೆ, ಜೊತೆಗೆ ಒಂದು ಹಿಡಿ ಸಿಲಿಕಾ ಜೆಲ್. ಅದೇ ಡಬ್ಬಿಯಲ್ಲಿ ಮನೆಯವರು ಹಪ್ಪಳವನ್ನೂ ಇಡುವ ಯೋಚನೆಯಲ್ಲಿದ್ದಾರೆ.