ಎಂಪಿಎಚ್ ಡಿಸರ್ಟೇಶನ್: ಮನೆಮನೆ ಸರ್ವೆಯೋ, ಎನ್‌ಎಫ್‌ಎಚ್‌ಎಸ್ ಡೇಟಾವೋ, ಸಿಸ್ಟಮ್ಯಾಟಿಕ್ ರಿವ್ಯೂವೋ?

ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್‌ನ ಎರಡನೇ ವರ್ಷಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಚಿಂತೆ: ಡಿಸರ್ಟೇಶನ್‌ಗೆ, ಅಂದರೆ ಸಂಶೋಧನಾ ಪ್ರಬಂಧಕ್ಕೆ, ಏನು ಮಾಡೋದು? ವಿಷಯ ಹೇಗೋ ಸಿಗುತ್ತದೆ. ಡೇಟಾ ಎಲ್ಲಿಂದ ತರುವುದು ಅನ್ನುವುದೇ ಕಷ್ಟ. ನಮ್ಮ ದೇಶದಲ್ಲಿ ಎಂಪಿಎಚ್ ಮೊದಲು ಶುರುವಾಗಿದ್ದು 1997ರಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ. ಈಗ ಕರ್ನಾಟಕದಲ್ಲೇ ಹಲವು ಕಡೆ ಈ ಕೋರ್ಸ್ ಇದೆ. ಎಲ್ಲಿ ಓದಿದರೂ ಸಾಮಾನ್ಯವಾಗಿ ಎದುರಾಗುವ ದಾರಿಗಳು ಮೂರು. ನಾವೇ ಮನೆಮನೆಗೆ ಹೋಗಿ ಸರ್ವೆ ಮಾಡುವುದು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂದರೆ ಎನ್‌ಎಫ್‌ಎಚ್‌ಎಸ್ ಡೇಟಾ ಬಳಸುವುದು, ಇಲ್ಲವೇ ಈಗಾಗಲೇ ಪ್ರಕಟವಾದ ಅಧ್ಯಯನಗಳನ್ನು ಒಟ್ಟುಗೂಡಿಸಿ ಸಿಸ್ಟಮ್ಯಾಟಿಕ್ ರಿವ್ಯೂ ಬರೆಯುವುದು.

ನಾನು ಮೂರನ್ನೂ ಮಾಡಿದ್ದೇನೆ. ಮೂರರಲ್ಲೂ ವಿಷಯ ಒಂದೇ, ಹೆಂಗಸರ ರಕ್ತಹೀನತೆ. ಎಂಪಿಎಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಸರ್ವೆ ಮಾಡಿದೆ. ಅದಾದ ಮೇಲೆ ಗೆಳತಿಯೊಬ್ಬಳ ಜೊತೆ ರಿವ್ಯೂ, ಆಮೇಲೆ ಪಿಎಚ್‌ಡಿಗೆ ಎನ್‌ಎಫ್‌ಎಚ್‌ಎಸ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಶೋಧನೆಯಲ್ಲೇ ಮುಂದುವರಿಯುವ ಆಸೆ ಇದ್ದವರು ಮೊದಲ ಡಿಸರ್ಟೇಶನ್‌ಗೆ ಸರ್ವೆ ಮಾಡಬೇಕು. ಚಿಕ್ಕದಾದರೂ ಸರಿ.

ಸರ್ವೆ ದುಬಾರಿ, ಅದರಲ್ಲಿ ಅನುಮಾನವಿಲ್ಲ. ರಕ್ತಹೀನತೆ ಸುಮಾರು 48% ಇದೆ ಎಂದುಕೊಳ್ಳಿ. ಐದು ಶೇಕಡಾ ಅಂಶಗಳಷ್ಟು ಹೆಚ್ಚುಕಡಿಮೆಯೊಳಗೆ ಅಂದಾಜು ಬೇಕೆಂದರೆ ಸೂತ್ರದ ಪ್ರಕಾರ ಹತ್ತಿರ ಹತ್ತಿರ 400 ಜನ ಬೇಕು. ಹಳ್ಳಿಗಳನ್ನು ಕ್ಲಸ್ಟರ್, ಅಂದರೆ ಗುಂಪು, ಮಾಡಿ ಆರಿಸಿ, ಅದಕ್ಕಾಗಿ ಸಂಖ್ಯೆಯನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಅನ್ನುವ ಡಿಸೈನ್ ಎಫೆಕ್ಟ್ 2 ಎಂದು ಹಿಡಿದರೆ ಅದು 800 ಆಗುತ್ತದೆ. ಕೈಗೆ ಸಿಗುವುದು ಕೆಲವೇ ತಿಂಗಳು. ಸಂಶೋಧನೆಯ ನೈತಿಕತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬರುವವರೆಗೆ ಒಂದು ಮನೆಯ ಬಾಗಿಲೂ ತಟ್ಟುವಂತಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಯ ಅನುಮತಿ ಬೇಕು, ಪಿಎಚ್‌ಸಿ ವೈದ್ಯರಿಗೆ ತಿಳಿಸಬೇಕು, ಆಶಾ ಕಾರ್ಯಕರ್ತೆಯ ಸಮಯ ನೋಡಿಕೊಳ್ಳಬೇಕು. ಶೇಂಗಾ ಕೀಳುವ ಕಾಲಕ್ಕೆ ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಬೆಳಗ್ಗೆ ಬೇಗ, ಇಲ್ಲವೇ ದೀಪ ಹಚ್ಚುವ ಹೊತ್ತಿಗೆ ಹೋಗಬೇಕು.

ಆದರೆ ಅಲ್ಲಿ ಕಲಿತದ್ದು ತರಗತಿಯಲ್ಲಿ ಸಿಗಲಿಲ್ಲ. ಬೆರಳ ತುದಿ ಚುಚ್ಚಿ ಹಿಮೋಕ್ಯೂ ಯಂತ್ರದಲ್ಲಿ ಹಿಮೋಗ್ಲೋಬಿನ್ ನೋಡುವ ಕೆಲಸವನ್ನೇ ತಗೊಳ್ಳಿ. ಕೈ ತಣ್ಣಗಿದ್ದರೆ ರಕ್ತ ಸರಿಯಾಗಿ ಬರುವುದಿಲ್ಲ. ಬೆರಳನ್ನು ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಸೇರಿ ಅಳತೆ ಏರುಪೇರಾಗುತ್ತದೆ. ಗರ್ಭಿಣಿಯಲ್ಲದ ಹೆಂಗಸಿಗೆ ಡಬ್ಲ್ಯುಎಚ್‌ಓ ಗಡಿ ಡೆಸಿಲೀಟರ್ ರಕ್ತಕ್ಕೆ 12 ಗ್ರಾಂ. 11.9 ಬಂದರೆ ರಕ್ತಹೀನತೆ, 12 ಬಂದರೆ ಇಲ್ಲ. ಒಂದು ಹನಿಯನ್ನು ಹೇಗೆ ತೆಗೆದೆವು ಅನ್ನುವುದರ ಮೇಲೆ ಒಬ್ಬಳು ಯಾವ ಕಡೆ ಬೀಳುತ್ತಾಳೆ ಅನ್ನುವುದು ತೀರ್ಮಾನವಾಗುತ್ತದೆ. ಇದನ್ನು ಕೈಯಾರೆ ಮಾಡಿದವರು ಶೇಕಡಾವಾರು ಅಂಕಿಯನ್ನು ಮತ್ತೆ ಮೊದಲಿನ ಹಾಗೆ ಓದುವುದಿಲ್ಲ.

ಪ್ರಶ್ನೆ ಕೇಳುವುದೂ ಹಾಗೇ. ಕಬ್ಬಿಣಾಂಶದ ಮಾತ್ರೆ ತಗೊಂಡಿದ್ದೀರಾ ಎಂದರೆ ಬಹಳ ಜನ ಹೂಂ ಅನ್ನುತ್ತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದ ಮೇಲೆ ಒಬ್ಬ ಹೆಂಗಸು ಹೇಳಿದಳು: 'ಒಂದೆರಡು ದಿನ ತಗೊಂಡೆ ತಂಗಿ, ಹೊಟ್ಟಿ ತೊಳಸ್ತೈತಿ ಅಂತ ಬಿಟ್ಟೆ.' ನನ್ನ ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಂಚಿನಲ್ಲಿ ಬರೆದುಕೊಂಡೆ. ಮಾತ್ರೆ ತಲುಪಿದ ಲೆಕ್ಕ ಬೇರೆ, ನುಂಗಿದ ಲೆಕ್ಕ ಬೇರೆ. ಕಾರ್ಯಕ್ರಮ ಸೋಲುವುದು ಆ ಎರಡರ ನಡುವಿನ ಸಂದಿಯಲ್ಲಿ.

ಸರ್ವೆಯ ಬಲಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿದರು. ಹಳ್ಳಿಯವರಿಗೆ ರೋಗದ ಅರಿವೇ ಇಲ್ಲ, ನಾವೇ ಹುಡುಕಿಕೊಂಡು ಹೋಗಬೇಕು ಎಂದು ಆಗ ಅನೇಕರು ನಂಬಿದ್ದರು. ಆದರೆ ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಗಲೇ ಚಿಕಿತ್ಸೆ ಕೇಳಿಕೊಂಡು ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. 1963ರಲ್ಲಿ ಪ್ರಕಟವಾದ ಈ ಅಧ್ಯಯನ, ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮಾಡಬೇಕು ಅನ್ನುವ ರಾಷ್ಟ್ರೀಯ ಕಾರ್ಯಕ್ರಮದ ನಿಲುವಿಗೆ ಆಧಾರವಾಯಿತು. ಜನರನ್ನು ಕೇಳದೆ ಇದು ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಇನ್ನು ಎನ್‌ಎಫ್‌ಎಚ್‌ಎಸ್. ಐದನೇ ಸುತ್ತು 2019ರಿಂದ 2021ರವರೆಗೆ ನಡೆಯಿತು. ಸುಮಾರು 6.37 ಲಕ್ಷ ಮನೆಗಳು, 7.24 ಲಕ್ಷ ಹೆಂಗಸರು. ಒಬ್ಬ ವಿದ್ಯಾರ್ಥಿ ಜೀವಮಾನವಿಡೀ ಓಡಾಡಿದರೂ ಇಷ್ಟು ಆಗದು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರ ರಕ್ತಹೀನತೆ ನಾಲ್ಕನೇ ಸುತ್ತಿನಲ್ಲಿ 44.8% ಇತ್ತು, ಐದನೆಯದರಲ್ಲಿ 47.8% ಆಯಿತು. ಇಂಥ ಬದಲಾವಣೆ ತೋರಿಸಲು ನನ್ನ ಕೊಪ್ಪಳದ ಸರ್ವೆಗೆ ಸಾಧ್ಯವೇ ಇಲ್ಲ. ಖರ್ಚೂ ಕಡಿಮೆ. ಹೆಸರು ವಿಳಾಸ ತೆಗೆದ ಸಾರ್ವಜನಿಕ ಡೇಟಾ ಆದ್ದರಿಂದ ಎಥಿಕ್ಸ್ ಕಮಿಟಿಯಿಂದ ವಿನಾಯಿತಿ ಸಿಗಬಹುದು. ಆದರೂ ಅರ್ಜಿ ಹಾಕಿಯೇ ವಿನಾಯಿತಿ ಪಡೆಯಿರಿ.

ಸುಲಭ ಅಂದುಕೊಂಡು ಇದಕ್ಕೆ ಬರಬೇಡಿ. ಪ್ರತಿ ಮಹಿಳೆಯ ದಾಖಲೆಗೂ ಒಂದು ತೂಕ, ಅಂದರೆ ಲೆಕ್ಕದಲ್ಲಿ ಆ ದಾಖಲೆಗೆ ಎಷ್ಟು ಬೆಲೆ ಕೊಡಬೇಕು ಅನ್ನುವ ಅಂಕಿ, ಇರುತ್ತದೆ. ಅದನ್ನು ಹತ್ತು ಲಕ್ಷದಿಂದ ಭಾಗಿಸಿ ಬಳಸಬೇಕು. ಕ್ಲಸ್ಟರ್ ಯಾವುದು, ಸ್ತರ (ಸ್ಯಾಂಪಲ್ ಆರಿಸುವ ಮುಂಚೆ ಪ್ರದೇಶವನ್ನು ಹಂಚಿದ ವಿಭಾಗ) ಯಾವುದು ಅಂತ ಸಾಫ್ಟ್‌ವೇರ್‌ಗೆ ಹೇಳಬೇಕು. ನನ್ನ ಸಲಹೆ ಇಷ್ಟೇ: ಬೇರೆ ಏನೂ ಮಾಡುವ ಮುಂಚೆ ವರದಿಯಲ್ಲಿ ಅಚ್ಚಾದ ಆ 47.8 ಅನ್ನುವ ಅಂಕಿಯನ್ನು ಕಚ್ಚಾ ಡೇಟಾದಿಂದ ನೀವೇ ತೆಗೆದು ನೋಡಿ. ಅದು ಬರುವವರೆಗೆ ಮುಂದಿನ ಟೇಬಲ್‌ಗೆ ಹೋಗಬೇಡಿ. ಸ್ಟಾಟಾ ಅನ್ನುವ ಅಂಕಿಅಂಶ ಸಾಫ್ಟ್‌ವೇರ್ ಕೊಳ್ಳಲು ದುಡ್ಡಿಲ್ಲದಿದ್ದರೆ ಆರ್ (R) ಉಚಿತ, ಅದರಲ್ಲೂ ಇದೆಲ್ಲ ಆಗುತ್ತದೆ.

ಮಿತಿಗಳೂ ಇವೆ. ಜಿಲ್ಲೆಯವರೆಗೆ ಅಂಕಿ ಸಿಗುತ್ತದೆ, ತಾಲ್ಲೂಕಿಗೆ ಸಿಗುವುದಿಲ್ಲ. ಒಂದೇ ಹೊತ್ತಿನಲ್ಲಿ ತೆಗೆದ ಅಳತೆ, ಆದ್ದರಿಂದ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳಲಾಗದು. ನಿಮ್ಮ ಪ್ರಶ್ನೆ ಅವರ ಫಾರಂನಲ್ಲಿ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಅಲ್ಲೂ ರಕ್ತ ತೆಗೆದದ್ದು ಬೆರಳ ತುದಿಯಿಂದಲೇ. ಕೊಪ್ಪಳದಲ್ಲಿ ಚುಚ್ಚಿ ಬಂದಿದ್ದರಿಂದ ಪಿಎಚ್‌ಡಿಯಲ್ಲಿ ಆ ಕಾಲಂ ನೋಡಿದಾಗ ನನಗೆ ಮೊದಲು ಕೇಳಬೇಕಾದ ಪ್ರಶ್ನೆ ಯಾವುದೆಂದು ಗೊತ್ತಿತ್ತು. ಇನ್ನೊಂದು ಮಾತು. ಈ ಡೇಟಾ ವಿದ್ಯಾರ್ಥಿಗಳ ಕೈಗೆ ಬರುತ್ತಿದ್ದದ್ದು ಹಲವು ದೇಶಗಳಲ್ಲಿ ಇಂಥ ಸಮೀಕ್ಷೆ ನಡೆಸಲು ಸಹಾಯ ಮಾಡುವ, ಅಮೆರಿಕದ ನೆರವಿನ ಡಿಎಚ್‌ಎಸ್ ಕಾರ್ಯಕ್ರಮದ ಮೂಲಕ. 2025ರಲ್ಲಿ ಆ ನೆರವು ನಿಂತಾಗ ಕಾರ್ಯಕ್ರಮಕ್ಕೇ ಪೆಟ್ಟು ಬಿತ್ತು. ನಮ್ಮ ಜನರ ಬಗ್ಗೆ ನಮ್ಮವರೇ ಸಂಗ್ರಹಿಸಿದ ಮಾಹಿತಿಗೆ ದೂರದ ಬಾಗಿಲು ಕಾಯುವುದು ನನಗೆ ನೋವಿನ ವಿಷಯ.

ಸಿಸ್ಟಮ್ಯಾಟಿಕ್ ರಿವ್ಯೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲೇ ರಿವ್ಯೂಗಳ ನೋಂದಣಿ ತಾಣವಾದ ಪ್ರಾಸ್ಪೆರೋದಲ್ಲಿ ನೋಂದಾಯಿಸಿ, ರಿವ್ಯೂ ಹೇಗೆ ವರದಿ ಮಾಡಬೇಕೆಂಬ ಮಾರ್ಗಸೂಚಿಯಾದ ಪ್ರಿಸ್ಮಾ 2020ರ 27 ಅಂಶಗಳ ಪಟ್ಟಿ ಹಿಡಿದು ಬರೆಯಬೇಕು. ಶೀರ್ಷಿಕೆಗಳನ್ನು ಸೋಸುವಾಗ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಡಿಸರ್ಟೇಶನ್ ಮಾತ್ರ ಒಬ್ಬರ ಹೆಸರಿನಲ್ಲಿ ಇರುತ್ತದೆ. ಜೊತೆಗೆ ನಿಲ್ಲುವವರು ಸಿಗದಿದ್ದರೆ ಕೆಲಸ ಸಡಿಲವಾಗುತ್ತದೆ. ಅಧ್ಯಯನಗಳನ್ನು ಹುಡುಕುವ ತಾಣಗಳಲ್ಲಿ ಪಬ್‌ಮೆಡ್ ಉಚಿತ, ಎಂಬೇಸ್‌ಗೆ ದುಡ್ಡು ಕೊಡಬೇಕು. ನಮ್ಮ ಆರೋಗ್ಯ ಇಲಾಖೆಯ ವರದಿಗಳು ಎರಡರಲ್ಲೂ ಸಿಗುವುದಿಲ್ಲ. ಒಬ್ಬರು ಬೆರಳ ರಕ್ತ, ಇನ್ನೊಬ್ಬರು ತೋಳಿನ ರಕ್ತ ನೋಡಿದ್ದರೆ ಅವನ್ನು ಕೂಡಿಸಿ ಒಂದು ಅಂಕಿ ಮಾಡುವುದು ಎಷ್ಟು ಸರಿ? ಬೇರೆಯವರ ವಿಧಾನವನ್ನು ತೂಗಿ ನೋಡುವುದನ್ನು ಇದು ಚೆನ್ನಾಗಿ ಕಲಿಸುತ್ತದೆ, ಪಿಎಚ್‌ಡಿಗೆ ಮುಂಚೆ ಮಾಡಲು ಒಳ್ಳೆಯದು. ಮೊದಲ ಕೆಲಸವಾಗಿ ನಾನು ಹೇಳುವುದಿಲ್ಲ.

ಕೆಲಸ ಬಿಟ್ಟು ಬರಲಾಗದವರು, ಚಿಕ್ಕ ಮಗು ಇರುವವರು, ಊರೂರು ತಿರುಗಲು ಆಗದವರು ಎನ್‌ಎಫ್‌ಎಚ್‌ಎಸ್ ಆರಿಸಿಕೊಂಡರೆ ಅದರಲ್ಲಿ ಕಡಿಮೆ ಏನಿಲ್ಲ. ಅಂಥವರು ಒಂದೆರಡು ಸಲವಾದರೂ ಆಶಾ ಕಾರ್ಯಕರ್ತೆಯ ಜೊತೆ ಮನೆಗಳಿಗೆ ಹೋಗಿ ಬನ್ನಿ. ಉಳಿದವರು ಎರಡನ್ನೂ ಸೇರಿಸಬಹುದು. ಒಂದೇ ಪಿಎಚ್‌ಸಿ ವ್ಯಾಪ್ತಿ ಹಿಡಿಯಿರಿ. ಎನ್‌ಎಫ್‌ಎಚ್‌ಎಸ್ ಪ್ರಶ್ನೆಗಳನ್ನು ಇದ್ದ ಹಾಗೇ ಕೇಳಿ, ಜಿಲ್ಲೆಯ ಅಂಕಿಯ ಪಕ್ಕದಲ್ಲಿ ಇಡಬಹುದು. ಅದರ ಜೊತೆ ಮಾತ್ರೆ ಯಾಕೆ ಬಿಟ್ಟಿರಿ ಅನ್ನುವಂಥ ನಿಮ್ಮದೇ ಕೆಲವು ಪ್ರಶ್ನೆ ಸೇರಿಸಿ. ಗೈಡ್ ಒಪ್ಪಿದ ದಿನವೇ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಅನುಮತಿಯ ಅರ್ಜಿ ಕೊಡಿ. ಎಥಿಕ್ಸ್ ಕಮಿಟಿ ಆ ಪತ್ರ ಕೇಳಿದರೆ ಕೈಯಲ್ಲಿ ಇರಲಿ.