ದಿನಕ್ಕೆ ಮೂರು ನಿಮಿಷದ ಧ್ಯಾನ: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದಿಂದ ಪ್ರತಿದಿನ ಬೆಳಗ್ಗೆ 5:45ಕ್ಕೆ ನನ್ನ ಫೋನಿನ ಒಂದು ಆ್ಯಪಿನಲ್ಲಿ ಒಂದು ಕ್ರೈಸ್ತ ಕಿರುಧ್ಯಾನ ಬರುತ್ತದೆ. ಮೇಲೆ ಸತ್ಯವೇದದ (ಬೈಬಲಿನ) ಒಂದು ವಚನ, ಅದರ ಕೆಳಗೆ ಸುಮಾರು 250 ಪದಗಳ ಬರಹ, ಕೊನೆಗೆ ಎರಡು ಸಾಲಿನ ಪ್ರಾರ್ಥನೆ. ಓದಲಾಗದವರಿಗೆ ಆಡಿಯೋ ಇದೆ. ನಿಧಾನವಾಗಿ ಓದಿದರೂ ಮೂರು ನಿಮಿಷ ದಾಟುವುದಿಲ್ಲ. ವಿವೇಕದಿಂದ, ನಂಬಿಗಸ್ತಿಕೆಯಿಂದ ಬದುಕುವುದು ಹೇಗೆ ಎಂಬುದೇ ಇದರ ವಿಷಯ. ಹಾಗಾಗಿ ಹೆಚ್ಚಿನ ದಿನ ಜ್ಞಾನೋಕ್ತಿಗಳು, ಯಾಕೋಬನ ಪತ್ರಿಕೆ, ಯೇಸುವಿನ ಬೆಟ್ಟದ ಪ್ರಸಂಗ ಇವುಗಳಿಂದಲೇ ವಚನ ಬರುತ್ತದೆ. ಆ್ಯಪ್ ಹಾಕಿಕೊಂಡ ವಾರದಲ್ಲೇ ಐದು ನಕ್ಷತ್ರ ಕೊಟ್ಟಿದ್ದೆ. ಆಗ ನನಗೆ ಇದರ ಬಗ್ಗೆ ಏನೂ ಗೊತ್ತಿರಲಿಲ್ಲ. ಈಗ ಸ್ವಲ್ಪ ಗೊತ್ತಾಗಿದೆ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಮೊದಲ ವರ್ಷದ ಒಂದು ಧ್ಯಾನ ಇಂದಿಗೂ ನನ್ನೊಳಗೆ ಕೂತಿದೆ. ವಿಮೋಚನಕಾಂಡದ 31ನೇ ಅಧ್ಯಾಯದಲ್ಲಿ ಇಸ್ರಾಯೇಲರ ಆರಾಧನೆಯ ಜಾಗವಾದ ದೇವದರ್ಶನದ ಗುಡಾರದ ಕೆಲಸಕ್ಕೆ ದೇವರು ಬೆಚಲೇಲ ಎಂಬ ಕಸಬುದಾರನನ್ನು ಹೆಸರು ಹಿಡಿದು ಕರೆಯುತ್ತಾನೆ. ಚಿನ್ನ, ಬೆಳ್ಳಿ, ತಾಮ್ರದ ಕೆಲಸ, ರತ್ನ ಕೆತ್ತುವುದು, ಮರ ಕೊರೆಯುವುದು ಇದಕ್ಕೆಲ್ಲ ಬೇಕಾದ ಜ್ಞಾನವನ್ನು ಅವನಲ್ಲಿ ತುಂಬುತ್ತಾನೆ. ಅಲ್ಲಿ ಬರುವ ಹೀಬ್ರೂ ಪದ ಹೋಖ್ಮಾ. ಜ್ಞಾನೋಕ್ತಿಗಳು ಪುಸ್ತಕದಲ್ಲಿ ಬೀದಿಯಲ್ಲಿ ನಿಂತು ಕೂಗುವ ಜ್ಞಾನವೂ ಅದೇ ಪದ. ಅಂದರೆ ಜ್ಞಾನ ಎಂದರೆ ಬರೀ ತಲೆಯಲ್ಲಿ ತುಂಬಿಕೊಳ್ಳುವ ವಿಷಯವಲ್ಲ, ಅದು ಕೈಗೆ ಹತ್ತಬೇಕಾದ ಕಸಬು. ಉಳಿ ಹಿಡಿದವನಿಗೆ ಮರದ ಎಳೆ ಯಾವ ಕಡೆ ಹೋಗುತ್ತದೆ ಎಂದು ಬೆರಳಿಗೇ ತಿಳಿಯುವ ಹಾಗೆ, ಮಾತು, ದುಡ್ಡು, ಸಿಟ್ಟು, ಸ್ನೇಹ ಇವುಗಳ ಎಳೆ ನಮಗೆ ತಿಳಿಯಬೇಕು. ಅಷ್ಟು ವರ್ಷ ಚರ್ಚಿನ ಸಭೆಗೆ ಹೋಗಿಯೂ ಇದನ್ನು ನಾನು ಕೇಳಿರಲಿಲ್ಲ. ಆವತ್ತಿನಿಂದ ಬೆಳಗಿನ ವಚನವನ್ನು ಕಲಿಯಬೇಕಾದ ಕೆಲಸ ಎಂದೇ ಓದುತ್ತಿದ್ದೇನೆ.

ಆ ಕೆಲಸ ಕೈಗೆ ಹತ್ತಿದ ಒಂದು ದಿನದ ಸಂಗತಿ ಹೇಳಲೇಬೇಕು. ಆವತ್ತು ಜ್ಞಾನೋಕ್ತಿ 18:13 ಬಂದಿತ್ತು, ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವವನು ಮೂರ್ಖ, ನಾಚಿಕೆಗೆ ಗುರಿ ಎಂಬ ವಚನ. ಓದಿ, ತಲೆದೂಗಿ, ಫೋನ್ ಪಕ್ಕಕ್ಕಿಟ್ಟೆ. ಹನ್ನೊಂದು ಗಂಟೆಯ ಹೊತ್ತಿಗೆ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರಿಂದ ಒಂದು ಮೇಲ್ ಬಂತು. ಮೊದಲ ಸಾಲಿನಲ್ಲೇ ನನ್ನ ಹೆಸರು, ನನ್ನಿಂದಾದ ತಡ. ಉಸಿರು ಬಿಗಿಯಾಯಿತು. ನಾಲ್ಕು ಪ್ಯಾರಾ ಟೈಪ್ ಮಾಡಿದೆ, ಒಂದೊಂದು ವಾಕ್ಯವೂ ಹರಿತ. ಕಳುಹಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಬೆಳಗಿನ ವಚನ ನೆನಪಾಗಿ ಕೈ ನಿಂತಿತು. ಅವರ ಮೇಲ್ ಮತ್ತೆ ತೆರೆದು ಕೊನೆಯವರೆಗೆ ಓದಿದೆ. ಮೂರನೇ ಪ್ಯಾರಾದಲ್ಲಿ ಅವರು, ಈ ತಡದಲ್ಲಿ ತನ್ನ ಪಾಲೇ ದೊಡ್ಡದು, ಅದನ್ನು ಮೇಲಿನವರಿಗೆ ತಾನೇ ಹೇಳುತ್ತೇನೆ ಎಂದು ಬರೆದಿದ್ದರು. ನಾನು ಓದಿದ್ದು ಒಂದು ಸಾಲು, ಉತ್ತರ ಬರೆದದ್ದು ನಾಲ್ಕು ಪ್ಯಾರಾ. ಅದನ್ನೆಲ್ಲ ಅಳಿಸಿ ಅವರಿಗೆ ಫೋನ್ ಮಾಡಿದೆ. ಬೆಳಗ್ಗೆ ಮೂರು ನಿಮಿಷ ಓದಿದ್ದಕ್ಕೆ ಹನ್ನೊಂದು ಗಂಟೆಗೆ ಸಿಕ್ಕ ಫಲ ಅದು. ಇಂಥ ದಿನಗಳು ವರ್ಷಕ್ಕೆ ನಾಲ್ಕೈದು ಬಂದರೆ ಸಾಕು, ನನಗೆ ಇದು ಬೇಕೇ ಬೇಕು ಅನಿಸುತ್ತದೆ.

ಮೂರು ನಿಮಿಷದಲ್ಲಿ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಚಿಕ್ಕದಾಗಿರುವುದೇ ಇದರ ಶಕ್ತಿ ಎಂದು ನಾನು ನಂಬುತ್ತೇನೆ. ಜ್ಞಾನೋಕ್ತಿಗಳ ಪುಸ್ತಕವೇ ಹಾಗೆ ಕಟ್ಟಿದ್ದು: ಹೆಚ್ಚಿನ ವಚನ ಎರಡೇ ಸಾಲು, ಬಾಯಲ್ಲಿ ಇಟ್ಟುಕೊಂಡು ದಿನವಿಡೀ ಓಡಾಡಬಹುದಾದಷ್ಟು. ಒಂದು ಸಲ ಪ್ರಯಾಣದಲ್ಲಿದ್ದಾಗ ಹನ್ನೊಂದು ದಿನ ಓದಲಿಲ್ಲ. ವಾಪಸ್ ಬಂದು ಒಂದೇ ಸಲ ಕೂತು ಹನ್ನೊಂದನ್ನೂ ಮುಗಿಸಿದೆ, ಮಾರನೆಯ ದಿನ ಒಂದೂ ನೆನಪಿನಲ್ಲಿ ಉಳಿಯಲಿಲ್ಲ. ವಿಮೋಚನಕಾಂಡ 16ರಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನಾವನ್ನು ನಾಳೆಗೆಂದು ಕೂಡಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದ ಸಂಗತಿ ಇದೆಯಲ್ಲ, ಅದು ಸರಿಯಾಗಿ ಅರ್ಥವಾದದ್ದು ಆವಾಗ. ಈಗ ತಪ್ಪಿದ ದಿನ ತಪ್ಪಿತು ಎಂದು ಬಿಟ್ಟು, ಇವತ್ತಿನದನ್ನು ಓದುತ್ತೇನೆ.

ಇನ್ನು ಕೊರತೆಗಳು. ಎಲ್ಲಕ್ಕಿಂತ ದೊಡ್ಡದು, ವಚನವನ್ನು ಅದರ ಜಾಗದಿಂದ ಕಿತ್ತು ಕೊಡುವುದು. ಈ ನಾಲ್ಕು ವರ್ಷದಲ್ಲಿ ಯೆರೆಮೀಯ 29:11 ನಾಲ್ಕು ಸಲ ಬಂದಿದೆ, ನಾಲ್ಕು ಸಲವೂ ಜನವರಿಯಲ್ಲಿ. ದೇವರ ಯೋಜನೆ ನಿಮಗೆ ಒಳ್ಳೆಯದನ್ನೇ ತರುತ್ತದೆ, ಹೊಸ ವರ್ಷ ಶುಭವಾಗಲಿ ಎಂಬಲ್ಲಿಗೆ ಧ್ಯಾನ ಮುಗಿದುಹೋಗುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಅಧ್ಯಾಯ ತೆರೆದು ನೋಡಿ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಬರೆದ ಪತ್ರ. ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕು ಎಂದಿದೆ. ಆ ಪತ್ರವನ್ನು ಮೊದಲು ಕೇಳಿದ ದೊಡ್ಡವರಲ್ಲಿ ಬಹುಪಾಲು ಜನ ಬಿಡುಗಡೆ ನೋಡದೆ ಅಲ್ಲೇ ಮಣ್ಣಾಗಬೇಕಿತ್ತು. ಅವರಿಗೆ ದೇವರು ಹೇಳಿದ್ದೇನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯಾಗಿ ಕೊಂಡೊಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ. ನಂಬಿಗಸ್ತಿಕೆಯಿಂದ ಬದುಕುವುದರ ಬಗ್ಗೆ ಇದಕ್ಕಿಂತ ಗಟ್ಟಿಯಾದ ಮಾತು ಬೇಕೇ? ಬೇಡದ ಜಾಗದಲ್ಲಿ ಗಿಡ ನೆಟ್ಟು ನೀರು ಹಾಕುವ ನಂಬಿಕೆ ಅದು. ಅಷ್ಟು ದೊಡ್ಡದನ್ನು ಪಕ್ಕಕ್ಕಿಟ್ಟು ಒಂದು ಶುಭಾಶಯ ಪತ್ರ ಮಾಡಿಬಿಟ್ಟರು ಎಂದು ನನಗೆ ನಿಜವಾಗಿಯೂ ನೋವಾಗುತ್ತದೆ. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ ಎಂಬ ಫಿಲಿಪ್ಪಿಯವರಿಗೆ 4:13ರ ಗತಿಯೂ ಅದೇ. ಪೌಲನು ಹಸಿವಿನಲ್ಲೂ ತೃಪ್ತನಾಗಿರಲು ಕಲಿತೆ ಎಂದು ಹೇಳುತ್ತಿದ್ದರೆ, ಧ್ಯಾನದಲ್ಲಿ ಅದು ಪರೀಕ್ಷೆಯಲ್ಲಿ ಗೆಲ್ಲುವ ವಚನವಾಯಿತು.

ಇದಕ್ಕೆ ಸಂಬಂಧಪಟ್ಟದ್ದೇ ಇನ್ನೊಂದು. ಎರಡನೇ ವರ್ಷ ಜ್ಞಾನೋಕ್ತಿ 26:4 ಬಂತು: ಮೂಢನ ಮೂಢತನಕ್ಕೆ ತಕ್ಕ ಹಾಗೆ ಉತ್ತರ ಕೊಡಬೇಡ, ಕೊಟ್ಟರೆ ನೀನೂ ಅವನಂತಾಗುವೆ. ಮೌನವೇ ಲೇಸು ಎಂದು ಬರೆದಿದ್ದರು. ಮೂರನೇ ವರ್ಷ 26:5 ಬಂತು: ಮೂಢತನಕ್ಕೆ ತಕ್ಕ ಉತ್ತರ ಕೊಡು, ಇಲ್ಲದಿದ್ದರೆ ಅವನು ತಾನೇ ಜ್ಞಾನಿ ಎಂದುಕೊಳ್ಳುವನು. ಧೈರ್ಯವಾಗಿ ಮಾತಾಡಿ ಎಂದು ಬರೆದಿದ್ದರು. ಎರಡೂ ಧ್ಯಾನ ಚೆನ್ನಾಗಿಯೇ ಇದ್ದವು. ಆದರೆ ಈ ಎರಡು ವಚನಗಳು ಸತ್ಯವೇದದಲ್ಲಿ ಒಂದರ ಕೆಳಗೊಂದು ಇವೆ! ಜೋಡಿಸಿದವರು ಕಣ್ಣು ತೆರೆದೇ ಪಕ್ಕಪಕ್ಕ ಇಟ್ಟಿದ್ದಾರೆ. ಯಾವಾಗ ಸುಮ್ಮನಿರಬೇಕು, ಯಾವಾಗ ಬಾಯಿ ತೆರೆಯಬೇಕು ಎಂಬ ಅಳತೆ ನಮಗೆ ಬರಲಿ ಎಂದಲ್ಲವೇ? ವರ್ಷಕ್ಕೊಂದರಂತೆ ಬಿಡಿಸಿ ಕೊಟ್ಟರೆ ಆ ಅಳತೆಯೇ ಕೈತಪ್ಪಿ ಹೋಗುತ್ತದೆ. ನಾನು ಆ ಸಂಗತಿ ಗಮನಿಸಿದ್ದು ಕೂಡ ಅಕಸ್ಮಾತ್ತಾಗಿ, ಪುಸ್ತಕ ತೆರೆದಾಗ.

ಅಲ್ಲಿಂದ ನನ್ನ ಓದುವ ಕ್ರಮ ಬದಲಾಯಿತು. ಮೊದಲು ಧ್ಯಾನ ಓದುವುದಿಲ್ಲ. ಮೇಲಿನ ವಚನ ಯಾವುದೆಂದು ನೋಡಿ, ಫೋನ್ ಮಗುಚಿಟ್ಟು, ಸತ್ಯವೇದದಲ್ಲಿ ಆ ಅಧ್ಯಾಯ ಪೂರ್ತಿ ಓದಿ, ಆಮೇಲೆ ಧ್ಯಾನಕ್ಕೆ ಬರುತ್ತೇನೆ. ಮೂರು ನಿಮಿಷ ಹತ್ತು ನಿಮಿಷವಾಗುತ್ತದೆ. ಜ್ಞಾನೋಕ್ತಿಗಳಾದರೆ ಇನ್ನೂ ಸುಲಭ, ಇರುವುದು 31 ಅಧ್ಯಾಯ, ತಾರೀಖು ನೋಡಿ ಅದೇ ಅಧ್ಯಾಯ ಓದುವ ರೂಢಿ ಬಹಳ ಜನರಿಗಿದೆ. ಅದರ ಪಕ್ಕದಲ್ಲಿ ಈ ಧ್ಯಾನ ಇಟ್ಟುಕೊಂಡರೆ ಚೆನ್ನಾಗಿ ಹೊಂದುತ್ತದೆ. ಹೀಗೆ ಓದಲು ಶುರುಮಾಡಿದ ಮೇಲೆ ಸಪ್ಪೆ ಧ್ಯಾನ ಬಂದ ದಿನವೂ ಬರಿಗೈಯಲ್ಲಿ ಎದ್ದದ್ದಿಲ್ಲ.

ದಿನಗಳ ಲೆಕ್ಕ ತೋರಿಸುವ ಕೌಂಟರ್ ಬಗ್ಗೆ ಹೇಳದೆ ಇರಲಾರೆ. ತಪ್ಪದೆ ಓದಿದ ದಿನಗಳನ್ನು ಅದು ಎಣಿಸುತ್ತಾ ಹೋಗುತ್ತದೆ. ನನ್ನದು 211ಕ್ಕೆ ಬಂದಿತ್ತು. ಆಗ ಅಮ್ಮ ತೀರಿಕೊಂಡರು. ರಾತ್ರಿಯಿಡೀ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆ, ಮರುದಿನವೆಲ್ಲ ಓಡಾಟ. ಅದರ ಮಾರನೆಯ ಬೆಳಗ್ಗೆ ಫೋನ್ ತೆಗೆದರೆ ಮೊದಲ ನೋಟಿಫಿಕೇಶನ್: ನಿಮ್ಮ ಸರಣಿ ಮುರಿದಿದೆ, ಇಂದೇ ಮತ್ತೆ ಆರಂಭಿಸಿ. ಅದರ ಕೆಳಗೆ ಆವತ್ತಿನ ಧ್ಯಾನ, ಯಾವಾಗಲೂ ಸಂತೋಷಿಸಿರಿ ಎಂಬ ವಚನದ ಮೇಲೆ. ಯಾರೂ ಬೇಕೆಂದು ಮಾಡಿದ್ದಲ್ಲ, ನನಗೆ ಗೊತ್ತು. ಆದರೆ ಆ ಸೊನ್ನೆ ನೋಡಿ ದೇವರ ಎದುರು ಏನೋ ತಪ್ಪು ಮಾಡಿದವಳಂತೆ ಅನಿಸಿತು. ದುಃಖದಲ್ಲಿರುವವರಿಗೆ ಅಂಥ ಭಾರ ಹೊರಿಸಬಾರದು. ಎರಡು ವಾರ ಆ್ಯಪ್ ತೆರೆಯಲಿಲ್ಲ. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು 88ನೇ ಕೀರ್ತನೆ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತೋತ್ರದ ಕಡೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಹೀಬ್ರೂವಿನಲ್ಲಿ ಇದರ ಕೊನೆಯ ಪದವೇ ಕತ್ತಲೆ. ಅಂಥ ಪ್ರಾರ್ಥನೆಗೂ ದೇವರ ವಾಕ್ಯದಲ್ಲಿ ಜಾಗ ಕೊಟ್ಟಿದ್ದಾರಲ್ಲ ಎಂಬುದೇ ನನಗೆ ಸಮಾಧಾನವಾಯಿತು.

ಇದನ್ನೆಲ್ಲ ಆ್ಯಪಿನವರಿಗೆ ಬರೆದು ಕಳುಹಿಸಿದೆ. ಮೂರು ವಾರದ ಮೇಲೆ ಒಂದು ಚಿಕ್ಕ, ವಿನಯದ ಉತ್ತರ ಬಂತು. ಮುಂದಿನ ಅಪ್‌ಡೇಟಿನಲ್ಲಿ ಕೌಂಟರನ್ನು ಮುಚ್ಚಿಡುವ ಆಯ್ಕೆ ಸೇರಿಸಿದರು. ಕಳೆದ ವರ್ಷ ಒಂದು ವಾರ ಪೂರ್ತಿ ಯೋಬ ಮತ್ತು ಪ್ರಲಾಪಗಳು ಎಂಬ ನೋವಿನ ಪುಸ್ತಕಗಳ ಮೇಲೆ ಧ್ಯಾನ ಬಂತು, ಅವಸರದಲ್ಲಿ ಸಂತೈಸುವ ಮಾತಿಲ್ಲದೆ. ನಾನು ಓದಿದವುಗಳಲ್ಲೇ ಅತ್ಯುತ್ತಮ ವಾರ ಅದು. ಹೇಳಿದ್ದನ್ನು ಕೇಳಿಸಿಕೊಳ್ಳುವವರು ಇದರ ಹಿಂದೆ ಇದ್ದಾರೆ ಎಂಬುದಕ್ಕೆ ನಾನು ಒಂದು ನಕ್ಷತ್ರ ಹೆಚ್ಚಿಗೆ ಕೊಡುತ್ತೇನೆ.

ಭಾಷೆಯ ಬಗ್ಗೆ ಚಿಕ್ಕದೊಂದು ದೂರು. ಕೆಲವು ದಿನ ಕನ್ನಡ ಎದ್ದು ನಿಲ್ಲುವುದಿಲ್ಲ. ‘ನಿಮ್ಮ ಹೃದಯವನ್ನು ಪರಿಶೀಲಿಸಲು ಒಂದು ಕ್ಷಣವನ್ನು ತೆಗೆದುಕೊಳ್ಳಿ’ ಎಂದು ಯಾರು ಮಾತಾಡುತ್ತಾರೆ? ಬೇರೆ ಭಾಷೆಯಲ್ಲಿ ಬರೆದದ್ದನ್ನು ಹಾಗೇ ಇಳಿಸಿದ್ದು ಗೊತ್ತಾಗಿಬಿಡುತ್ತದೆ. ಕನ್ನಡದಲ್ಲೇ ಯೋಚಿಸಿ ಬರೆದ ದಿನಗಳ ರುಚಿಯೇ ಬೇರೆ. ವಚನಕ್ಕೆ ಎರಡು ಭಾಷಾಂತರ ಕೊಟ್ಟಿರುವುದು ಮಾತ್ರ ಒಳ್ಳೆಯ ಕೆಲಸ. ‘ಯೆಹೋವನು’ ಎಂದು ಓದಿ ಬೆಳೆದವರೂ ‘ಸರ್ವೇಶ್ವರ’ ಎಂದು ಓದಿ ಬೆಳೆದವರೂ ತಮ್ಮ ಕಿವಿಗೆ ಒಗ್ಗಿದ್ದನ್ನು ಆರಿಸಿಕೊಳ್ಳಬಹುದು. ಆಡಿಯೋ ದನಿ ಹಿತವಾಗಿದೆ, ಹಿನ್ನೆಲೆಯ ಸಂಗೀತ ಮಾತ್ರ ಜೋರು.

ದಿನಕ್ಕೊಂದು ವಚನದ ಈ ಪದ್ಧತಿ ಹಳೆಯದು. 1728ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ, ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಸಭೆಯಲ್ಲಿ, ಅದರ ನಾಯಕ ಜಿನ್‌ಜೆಂಡಾರ್ಫ್ ಸಂಜೆಯ ಕೂಟದಲ್ಲಿ ಮರುದಿನಕ್ಕೊಂದು ವಾಕ್ಯ ಕೊಡಲು ಆರಂಭಿಸಿದರು. 1731ರಿಂದ ಇಡೀ ವರ್ಷದ ವಾಕ್ಯಗಳನ್ನು ಪುಸ್ತಕವಾಗಿ ಅಚ್ಚು ಹಾಕಿದರು, ಇಂದಿಗೂ ಪ್ರತಿವರ್ಷ ಅದು ಬರುತ್ತದೆ. ಅಚ್ಚಾಗುವುದಕ್ಕೆ ಮೊದಲು ಸಹೋದರರು ಮನೆಮನೆಗೆ ನಡೆದುಹೋಗಿ ದಿನದ ವಾಕ್ಯ ತಿಳಿಸುತ್ತಿದ್ದರಂತೆ. ನನ್ನ ಮನಸ್ಸು ನಿಲ್ಲುವುದು ಅಲ್ಲಿ. ವಾಕ್ಯದ ಜೊತೆ ಬಾಗಿಲಿಗೆ ಒಬ್ಬ ಮನುಷ್ಯನೂ ಬರುತ್ತಿದ್ದ. ಮನೆಯವರ ಮುಖ ನೋಡುತ್ತಿದ್ದ, ಕಾಯಿಲೆ ಬಿದ್ದವರಿದ್ದರೆ ಅವನಿಗೆ ತಿಳಿಯುತ್ತಿತ್ತು. ಫೋನ್ ವಾಕ್ಯವನ್ನು ಮಾತ್ರ ತರುತ್ತದೆ. ಅಮ್ಮ ಹೋದ ಮೇಲೆ ನನ್ನ ಬಾಗಿಲಿಗೆ ಬಂದದ್ದು ಒಂದು ಸೊನ್ನೆ.

ಅದಕ್ಕೇ ಕಳೆದ ಒಂದೂವರೆ ವರ್ಷದಿಂದ ನಾನು ಮತ್ತು ಗೆಳತಿಯೊಬ್ಬಳು ಇದನ್ನು ಜೊತೆಯಾಗಿ ಓದುತ್ತಿದ್ದೇವೆ. ಅವಳು ಅವಳ ಮನೆಯಲ್ಲಿ, ನಾನು ನನ್ನಲ್ಲಿ. ಓದಿದ ಮೇಲೆ ಒಬ್ಬರಿಗೊಬ್ಬರು ಒಂದು ವಾಯ್ಸ್ ಮೆಸೇಜ್, ಒಂದು ನಿಮಿಷದ್ದು: ಇವತ್ತು ಈ ವಚನ ಎಲ್ಲಿ ತಾಗಿತು, ಏನು ಮಾಡುತ್ತೇನೆ. ಸಂಜೆ ಮಾಡಿದೆಯಾ ಎಂದು ಕೇಳುತ್ತೇವೆ. ಮಾಡದ ದಿನ ಮಾಡಲಿಲ್ಲ ಎಂದು ಹೇಳುತ್ತೇವೆ, ಅಷ್ಟೇ. ಆ್ಯಪಿನಲ್ಲಿ ಹಂಚಿಕೊಳ್ಳುವ ಗುಂಡಿ ಇದೆ, ಆದರೆ ಅದು ವಚನದ ಚಿತ್ರ ಕಳುಹಿಸುತ್ತದೆ, ನಮಗೆ ಅದು ಉಪಯೋಗವಿಲ್ಲ.

ಹೊಸದಾಗಿ ಶುರುಮಾಡುವವರು ಕೌಂಟರನ್ನು ಮೊದಲ ದಿನವೇ ಮುಚ್ಚಿಡಿ. ಉಳಿದ ಮೆಸೇಜುಗಳು ಬರುವ ಮೊದಲಿನ ಹೊತ್ತನ್ನು ಆರಿಸಿಕೊಳ್ಳಿ. ದೇವರ ವಾಕ್ಯ ಪೂರ್ತಿಯಾಗಿ ಓದುವ ಅಭ್ಯಾಸ ಈಗಾಗಲೇ ಗಟ್ಟಿಯಾಗಿರುವವರಿಗೆ ಇದು ಬೇಕಿಲ್ಲದಿರಬಹುದು. ನನ್ನಂತೆ ಓದಿದ್ದನ್ನು ಮಧ್ಯಾಹ್ನದೊಳಗೆ ಮರೆಯುವವರಿಗೆ ಬೇಕು. ನನ್ನ ಲೆಕ್ಕದಲ್ಲಿ ಐದರಲ್ಲಿ ನಾಲ್ಕು.

ಮೊನ್ನೆ ಮತ್ತೆ 26:4 ಬಂತು. ಗೆಳತಿ ವಾರದಿಂದ ತನ್ನ ಅಣ್ಣನ ಒಂದು ಕಟುವಾದ ಮೆಸೇಜಿಗೆ ಉತ್ತರ ಬರೆಯಲೋ ಬೇಡವೋ ಎಂದು ಒದ್ದಾಡುತ್ತಿದ್ದಳು. ನಾನು ಅವಳಿಗೆ ಐದನೇ ವಚನವನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇದು ಯಾವ ವಚನದ ದಿನ ಅಂತ ನಾನೇ ದೇವರನ್ನು ಕೇಳಬೇಕು’ ಅಂದಳು. ಸಂಜೆಯವರೆಗೆ ಪ್ರಾರ್ಥಿಸಿ, ಬರೆಯುವುದು ಬೇಡ ಎಂದು ಬಸ್ಸು ಹತ್ತಿ ಅವನ ಮನೆಗೇ ಹೋದಳು.