ಕಾಲ್ ಸೆಂಟರ್‌ನಲ್ಲಿ ಡಿಟಿಎಂಎಫ್ ಮಾಸ್ಕಿಂಗ್: ದೀರ್ಘಕಾಲದ ಬಳಕೆಯ ನಂತರ

ಬ್ರಿಟನ್ನಿನ ಹೋಟೆಲ್ ಬುಕಿಂಗ್‌ಗಳನ್ನು ನಿರ್ವಹಿಸುವ ಬೆಂಗಳೂರಿನ ಕಾಲ್ ಸೆಂಟರೊಂದರಲ್ಲಿ ನಾನು ಟೀಮ್ ಲೀಡರ್. ಗ್ರಾಹಕರ ಕಾರ್ಡ್ ವಿವರಗಳು ಏಜೆಂಟರ ಕಿವಿಗೂ ಕಣ್ಣಿಗೂ ಬೀಳದಂತೆ ತಡೆಯುವ ಡಿಟಿಎಂಎಫ್ ಮಾಸ್ಕಿಂಗ್ (ಫೋನಿನ ಕೀಲಿ ಒತ್ತಿದಾಗ ಹೊರಡುವ ಸ್ವರವನ್ನು ಮರೆಮಾಚುವ) ವ್ಯವಸ್ಥೆ ನಮ್ಮಲ್ಲಿಗೆ ಬಂದು ಎರಡು ವರ್ಷ ದಾಟಿದೆ. ಭಾರತದಲ್ಲಿ ಆನ್‌ಲೈನ್ ಪಾವತಿಗೆ ಒಟಿಪಿಯ ಅಭ್ಯಾಸವಾಗಿರುವ ನಮಗೆ, ಫೋನಿನಲ್ಲೇ ಕಾರ್ಡ್ ಸಂಖ್ಯೆ ಓದಿ ಹೇಳುವುದು ವಿಚಿತ್ರವೆನಿಸಬಹುದು. ಬ್ರಿಟನ್ನಿನಲ್ಲಿ ಅದು ಇಂದಿಗೂ ಚಾಲ್ತಿಯಲ್ಲಿದೆ.

ಹಿಂದೆ ಗ್ರಾಹಕರು ಸಂಖ್ಯೆ ಹೇಳತೊಡಗುವ ಮುನ್ನ ಏಜೆಂಟ್ ರೆಕಾರ್ಡಿಂಗ್ ನಿಲ್ಲಿಸಬೇಕಿತ್ತು, ಪಾವತಿ ಮುಗಿದ ಮೇಲೆ ಮತ್ತೆ ಆರಂಭಿಸಬೇಕಿತ್ತು. ಪಾವತಿಗೆ ಅನುಮೋದನೆ ದೊರೆತ ಬಳಿಕ ಸಿವಿವಿಯನ್ನು (ಕಾರ್ಡಿನ ಭದ್ರತಾ ಸಂಖ್ಯೆ) ಎನ್‌ಕ್ರಿಪ್ಟ್ ಮಾಡಿಯೂ ಉಳಿಸಿಕೊಳ್ಳಬಾರದೆಂದು ಕಾರ್ಡ್ ಪಾವತಿಗಳ ಭದ್ರತಾ ಮಾನದಂಡವಾದ ಪಿಸಿಐ ಡಿಎಸ್‌ಎಸ್ ನಿಯಮ ಹೇಳುತ್ತದೆ. ಆದರೆ ಒಂದು ಕ್ಲಿಕ್ ತಪ್ಪಿದರೂ ಅದು ರೆಕಾರ್ಡಿಂಗ್‌ನಲ್ಲಿ ಉಳಿದುಬಿಡುತ್ತಿತ್ತು.

ಈಗ ಗ್ರಾಹಕರು ತಮ್ಮ ಫೋನಿನ ಕೀಲಿಗಳನ್ನೇ ಒತ್ತುತ್ತಾರೆ. ಪ್ರತಿ ಕೀಲಿಯೂ ಎರಡು ಆವರ್ತನಗಳ ಜೋಡಿ ಸ್ವರ ಹೊರಡಿಸುತ್ತದೆ. 5ನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್. ಈ ಸ್ವರ ರೆಕಾರ್ಡ್ ಆದರೆ ಅಂಕಿಯನ್ನು ಯಂತ್ರದಿಂದ ಸುಲಭವಾಗಿ ಗುರುತಿಸಬಹುದು. ಆದ್ದರಿಂದ ವ್ಯವಸ್ಥೆಯು ಸ್ವರಗಳನ್ನು ನಡುವೆಯೇ ಹಿಡಿದು, ಏಜೆಂಟರಿಗೆ ಎಲ್ಲ ಅಂಕಿಗಳಿಗೂ ಒಂದೇ ಬಗೆಯ ಸಪಾಟು ಧ್ವನಿಯನ್ನು ಕೇಳಿಸಿ, ಪರದೆಯಲ್ಲಿ ನಕ್ಷತ್ರ ಚಿಹ್ನೆಗಳನ್ನಷ್ಟೇ ತೋರಿಸುತ್ತದೆ. ಕರೆ ಹೋಲ್ಡ್‌ಗೆ ಹೋಗುವುದಿಲ್ಲ. ಮಾತು ಮುಂದುವರಿಯುತ್ತದೆ, ರೆಕಾರ್ಡಿಂಗ್ ಕೂಡ.

ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಲಾಭ ಏಜೆಂಟರಿಗೇ ಸಿಕ್ಕಿದೆ. ಯಾವುದೋ ಗ್ರಾಹಕರ ಕಾರ್ಡ್ ದುರುಪಯೋಗವಾದಾಗಲೆಲ್ಲ ಆ ಕರೆ ತೆಗೆದುಕೊಂಡವರ ಮೇಲೆ ಅನುಮಾನ ಬೀಳುತ್ತಿತ್ತು, ಇಪ್ಪತ್ತೆರಡರ ಹರೆಯದ ಹುಡುಗ ಹುಡುಗಿಯರು ತಾವು ಮಾಡದ ತಪ್ಪಿಗೆ ವಿವರಣೆ ಬರೆದುಕೊಡಬೇಕಾಗುತ್ತಿತ್ತು. ಸಂಖ್ಯೆಯೇ ತಲುಪದವರನ್ನು ಯಾರೂ ಅನುಮಾನಿಸುವಂತಿಲ್ಲ. ಈ ಒಂದು ಕಾರಣಕ್ಕೇ ನಾನು ಈ ತಂತ್ರಜ್ಞಾನವನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ತೊಡಕುಗಳಿಲ್ಲವೆಂದಲ್ಲ. ಆರಂಭದ ತಿಂಗಳುಗಳಲ್ಲಿ ಕೆಲವು ಲೈನ್‌ಗಳಿಂದ ಒಂದೇ ಅಂಕಿ ಎರಡು ಬಾರಿ ದಾಖಲಾಗುತ್ತಿತ್ತು. ಧ್ವನಿಯ ಜೊತೆಗೂ ಪ್ರತ್ಯೇಕ ಸಂಕೇತವಾಗಿಯೂ ಅದೇ ಒತ್ತು ಬರುತ್ತಿದ್ದುದು ಕಾರಣವೆಂದು ತಿಳಿದು, ಅದನ್ನು ಸರಿಪಡಿಸುವವರೆಗೆ ಗ್ರಾಹಕರು ಮೊದಲಿನಿಂದ ಒತ್ತಬೇಕಾಗುತ್ತಿತ್ತು. ವ್ಯವಸ್ಥೆ ಸ್ವರವನ್ನು ಗುರುತಿಸುವಷ್ಟರಲ್ಲಿ ಅದರ ಮೊದಲ ತುಣುಕು ರೆಕಾರ್ಡಿಂಗ್‌ಗೆ ಸೋರಿಹೋಗುವ ಸಾಧ್ಯತೆಯೂ ಇರುವುದರಿಂದ, ಖರೀದಿಗೆ ಮುನ್ನ ಪರೀಕ್ಷಾ ಕರೆಗಳ ರೆಕಾರ್ಡಿಂಗ್‌ಗಳನ್ನು ಪರಿಶೀಲಿಸಲೇಬೇಕು. ಮೊಬೈಲನ್ನು ಕಿವಿಯಿಂದ ತೆಗೆದು ಅಂಕಿ ಒತ್ತಬೇಕಾದ ಹಿರಿಯರಿಗೆ ಮೊದಲೇ ಸ್ಪೀಕರ್ ಹಾಕಿಕೊಳ್ಳುವಂತೆ ಹೇಳಿಕೊಡುವುದು ಉತ್ತಮ.

ಎಲ್ಲಕ್ಕಿಂತ ಕಷ್ಟವಾದದ್ದು, ಅಂಕಿ ಒತ್ತುತ್ತಲೇ ಅದನ್ನು ಗಟ್ಟಿಯಾಗಿ ಹೇಳಿಕೊಳ್ಳುವ ಗ್ರಾಹಕರ ಅಭ್ಯಾಸ. ಮಾಸ್ಕಿಂಗ್ ಕೀಲಿಯ ಸ್ವರವನ್ನು ಮುಚ್ಚುತ್ತದೆಯೇ ಹೊರತು ಮನುಷ್ಯರ ಮಾತನ್ನಲ್ಲ. ‘ದಯವಿಟ್ಟು ಸಂಖ್ಯೆಯನ್ನು ಹೇಳಬೇಡಿ, ಒತ್ತಿದರೆ ಸಾಕು’ ಎಂಬ ವಾಕ್ಯವನ್ನು ಸ್ಕ್ರಿಪ್ಟ್‌ನಲ್ಲಿ ಪಾವತಿಯ ಭಾಗಕ್ಕೂ ಮೊದಲೇ ಇಟ್ಟ ಮೇಲೆ ಇದು ಬಹಳ ಕಡಿಮೆಯಾಯಿತು. ಕೈ ನಡುಗುವವರಿಗೆ, ದೃಷ್ಟಿ ಮಂದವಾದವರಿಗೆ ಬೇರೆ ದಾರಿ ಇರಲೇಬೇಕು. ನಾವು ಸುರಕ್ಷಿತ ಪಾವತಿ ಲಿಂಕನ್ನು ಮನೆಯವರ ನೆರವಿನಿಂದ ಬಳಸಲು ಸೂಚಿಸುತ್ತೇವೆ. ಇನ್ನೊಂದು ಮಾತು: ಈ ವ್ಯವಸ್ಥೆ ಹಳೆಯ ರೆಕಾರ್ಡಿಂಗ್‌ಗಳನ್ನು ಮುಟ್ಟುವುದಿಲ್ಲ, ಅವುಗಳಲ್ಲಿ ಉಳಿದಿರುವ ಕಾರ್ಡ್ ವಿವರಗಳನ್ನು ಅಳಿಸುವ ಕೆಲಸಕ್ಕೆ ಬೇರೆಯೇ ಹಣ ಮತ್ತು ಸಮಯವನ್ನು ತೆಗೆದಿರಿಸಬೇಕು.